‘ಮೃಚ್ಛಕಟಿಕ’ದಿಂದ ‘ಉತ್ಸವ್’ವರೆಗೆ: ನಗೆಯ ನೆಲೆಗಳ ಪಲ್ಲಟ

ಶೂದ್ರಕನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಹತ್ತು ಅಂಕಗಳ ‘ಮೃಚ್ಛಕಟಿಕ’ವು ಪ್ರಕರಣವೆಂಬ ರೂಪಕಭೇದಕ್ಕೆ ಸೇರಿದ ಕೃತಿ. ದೇವತೆಗಳನ್ನೂ ರಾಜರ್ಷಿಗಳನ್ನೂ ಬದಿಗಿಟ್ಟು ಉಜ್ಜಯಿನಿಯ ದರಿದ್ರ ಬ್ರಾಹ್ಮಣ, ಗಣಿಕೆ, ಜೂಜುಕೋರ, ಕಳ್ಳ, ಗಾಡಿ ಹೊಡೆಯುವವ ಇವರನ್ನು ರಂಗಕ್ಕೆ ತಂದುದು ಅದರ ಹಿರಿಮೆ. ಮೋಹನ್ ಭವನಾನಿಯವರ ಮೂಕಿಚಿತ್ರ ‘ವಸಂತಸೇನಾ’ (1931) ಇದೇ ವಸ್ತುವನ್ನು ಆಧರಿಸಿತ್ತು, ಟಿ.ಪಿ. ಕೈಲಾಸಂ ಅವರೂ ಅದರಲ್ಲಿ ಅಭಿನಯಿಸಿದ್ದರು. ಶಶಿ ಕಪೂರ್ ನಿರ್ಮಿಸಿ ಗಿರೀಶ ಕಾರ್ನಾಡರು ನಿರ್ದೇಶಿಸಿದ ಹಿಂದಿ ಚಿತ್ರ ‘ಉತ್ಸವ್’ (1984) ಈ ಪರಂಪರೆಯ ಮಹತ್ವದ ಪ್ರಯತ್ನ. ರಂಗದ ನಗೆ ತೆರೆಗೆ ಬಂದಾಗ ಏನಾಗುತ್ತದೆ ಎಂಬ ಪ್ರಶ್ನೆಗೆ ಈ ಚಿತ್ರ ಉತ್ತಮ ನಿದರ್ಶನ.

ಮೂಲದಲ್ಲಿ ನಗೆ ಹುಟ್ಟುವುದು ಬಹುಮಟ್ಟಿಗೆ ಭಾಷೆಯಲ್ಲಿ. ಸಂಸ್ಕೃತದ ಜೊತೆಗೆ ಇಷ್ಟೊಂದು ಬಗೆಯ ಪ್ರಾಕೃತಗಳು ಬಳಕೆಯಾದ ಮತ್ತೊಂದು ನಾಟಕ ವಿರಳ. ರಾಜನ ಮೈದುನ ಶಕಾರನು ‘ಸ’ಕಾರಕ್ಕೆ ‘ಶ’ಕಾರ ನುಡಿಯುತ್ತಾನೆ, ರಾಮಾಯಣ, ಮಹಾಭಾರತಗಳ ಪಾತ್ರಗಳನ್ನು ಒಂದರೊಳಗೊಂದು ಬೆರೆಸುತ್ತಾನೆ. ಶರ್ವಿಲಕನಾದರೋ ಶುದ್ಧ ಸಂಸ್ಕೃತದಲ್ಲಿ ಕನ್ನದ ಶಾಸ್ತ್ರವನ್ನು ವಿವರಿಸುತ್ತ, ಜನಿವಾರವನ್ನೇ ಅಳತೆದಾರವಾಗಿಸಿ ಗೋಡೆ ಕೊರೆಯುತ್ತಾನೆ. ನುಡಿಯ ಎತ್ತರಕ್ಕೂ ನಡತೆಗೂ ಇರುವ ಅಂತರವೇ ಇಲ್ಲಿನ ವಿನೋದ. ರಾಜವೇಷದ ಗ್ರಾಂಥಿಕ ಮಾತಿನ ಎದುರು ಹಾಸ್ಯಗಾರನ ಆಡುನುಡಿಯನ್ನು ನಿಲ್ಲಿಸುವ ಯಕ್ಷಗಾನದ ಪ್ರೇಕ್ಷಕರಿಗೆ ಈ ತಂತ್ರ ಅಪರಿಚಿತವಲ್ಲ. ಒಂದೇ ಹಿಂದಿಯ ಚೌಕಟ್ಟಿನಲ್ಲಿ ಈ ಶ್ರೇಣಿಗಳು ಹಾಗೆಯೇ ಉಳಿಯುವುದು ಸಾಧ್ಯವಿರಲಿಲ್ಲ. ಇದು ಚಿತ್ರದ ನಿಜವಾದ ನಷ್ಟ.

ಈ ನಷ್ಟವನ್ನು ತುಂಬಲೆಂಬಂತೆ ಕಾರ್ನಾಡರು ಮೂಲದಲ್ಲಿಲ್ಲದ ವಾತ್ಸ್ಯಾಯನನನ್ನು ತಂದಿದ್ದಾರೆ. ಅಮ್ಜದ್ ಖಾನ್ ಅಭಿನಯಿಸಿದ ಈ ಪಾತ್ರ ಸೂತ್ರಧಾರನೂ ಹೌದು, ಪರಿಹಾಸಕ್ಕೆ ವಸ್ತುವೂ ಹೌದು. ಗಣಿಕಾಗೃಹದಲ್ಲಿ ಕುಳಿತು ಅನ್ಯರ ಸುಖವನ್ನು ಇಣುಕಿ ನೋಡಿ ಶಾಸ್ತ್ರಕ್ಕೆ ಸಾಮಗ್ರಿ ಕೂಡಿಸುವ ಈ ಪಂಡಿತ, ಬದುಕನ್ನು ವರ್ಗೀಕರಿಸುವ ಭರದಲ್ಲಿ ಬದುಕಿನಿಂದಲೇ ದೂರ ಉಳಿಯುತ್ತಾನೆ. ಕಿವಿಯ ನಗೆ ಇಲ್ಲಿ ಕಣ್ಣಿನ ನಗೆಯಾಗಿದೆ. ಮಾಧ್ಯಮಕ್ಕೆ ಒಪ್ಪುವ ಈ ಪಲ್ಲಟ ಚಿತ್ರದ ದೊಡ್ಡ ಗಳಿಕೆ. ಜನಜೀವನವನ್ನು ದಾಖಲಿಸಲು ಹೊರಟ ಯಾವುದೇ ವಿದ್ವಾಂಸನಿಗೂ ಅದು ಎಚ್ಚರಿಕೆಯಾಗಿದೆ.

ಆದರೆ ಅಂತ್ಯದ ಬದಲಾವಣೆ ಬೇರೆ ತೆರನಾದುದು. ನಾಟಕದಲ್ಲಿ ಪಾಲಕನ ಪತನದ ನಂತರ ಹೊಸ ಅರಸ ಆರ್ಯಕನು ವಸಂತಸೇನೆಗೆ ‘ವಧು’ವಿನ ಪದವಿಯನ್ನು ನೀಡುತ್ತಾನೆ. ತನ್ನನ್ನು ಶೂಲಕ್ಕೇರಿಸಲು ಯತ್ನಿಸಿದ ಶಕಾರನಿಗೆ ಚಾರುದತ್ತ ಅಭಯ ಕೊಡುತ್ತಾನೆ. ಚಿತ್ರದಲ್ಲಿ ಚಾರುದತ್ತ ತನ್ನ ಸಂಸಾರಕ್ಕೆ ಮರಳುತ್ತಾನೆ. ವಸಂತಸೇನೆ ಗಣಿಕಾಗೃಹಕ್ಕೆ ಹಿಂದಿರುಗಿ, ಬಾಗಿಲಿಗೆ ಬಂದ ಸಂಸ್ಥಾನಕನನ್ನೇ ಬರಮಾಡಿಕೊಳ್ಳುತ್ತಾಳೆ. ಹೆಸರಿನ ಬದಲಾವಣೆಗೆ ಇಲ್ಲಿ ಸಮರ್ಥನೆ ದೊರೆಯುತ್ತದೆ. ಹಬ್ಬವು ನಿತ್ಯದ ಕಟ್ಟಳೆಗಳನ್ನು ಕೆಲಕಾಲ ತಲೆಕೆಳಗು ಮಾಡುತ್ತದೆ. ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಸ್ಥಾನಕ್ಕೆ ಮರಳುತ್ತಾರೆ. ಈ ಅರ್ಥದಲ್ಲಿ ಚಿತ್ರದ ಅಂತ್ಯ ಉತ್ಸವದ ತರ್ಕಕ್ಕೆ ನಿಷ್ಠವಾಗಿದೆ. ರಾಜಾಜ್ಞೆಯೊಂದರಿಂದ ಸಮಾಜ ಬದಲಾಗುತ್ತದೆಂಬ ಸುಲಭ ನಂಬಿಕೆಯನ್ನೂ ಅದು ನಿರಾಕರಿಸುತ್ತದೆ.

ಆದರೂ ಒಂದು ತೊಡಕು ಉಳಿಯುತ್ತದೆ. ನಾಟಕದಲ್ಲಿ ಕ್ಷಮಿಸುವವನು ಚಾರುದತ್ತ. ಆ ಔದಾರ್ಯದ ಭಾರವನ್ನು ವಸಂತಸೇನೆ ತನ್ನ ಮನೆಯಲ್ಲಿ ಹೊರಬೇಕಿಲ್ಲ. ಚಿತ್ರದಲ್ಲಿ ಕ್ಷಮೆಯ ಬೆಲೆ ತೆರುವವಳು, ಕೊರಳು ಹಿಸುಕಿಸಿಕೊಂಡ ಅವಳೇ. ಜನಪದರ ಹಬ್ಬದ ನಗೆ ಸಾಮಾನ್ಯವಾಗಿ ಬಲಿಷ್ಠರತ್ತ ತಿರುಗುವಂಥದು. ಇಲ್ಲಿ ಬಲಿಷ್ಠ ಕೆಳಗೆ ಬಿದ್ದ ಮೇಲೂ ಅವನಿಗೊಂದು ಆಶ್ರಯವಿದೆ, ಅವಳಿಗೆ ಬೇರೆ ದಾರಿಯಿಲ್ಲ. ಮಣ್ಣಿನ ಬಂಡಿಗೆ ಚಿನ್ನದೊಡವೆ ತುಂಬಿ ಮಗುವಿನ ಅಳು ನಿಲ್ಲಿಸಿದ ಹೆಣ್ಣಿಗೆ ಮೂಲಕೃತಿ ತೋರಿದ ನ್ಯಾಯವನ್ನು ಚಿತ್ರವು ವಾಸ್ತವತೆಯ ಹೆಸರಿನಲ್ಲಿ ಹಿಂತೆಗೆದುಕೊಂಡಿದೆ. ‘ಉತ್ಸವ್’ದ ಮೌಲ್ಯಮಾಪನವು ಅದರ ದೃಶ್ಯವೈಭವದ ಜೊತೆಗೆ ಈ ಹಿಂತೆಗೆತವನ್ನೂ ಪರಿಗಣಿಸಬೇಕಾಗುತ್ತದೆ.