ಅಪಠಿತ ಗದ್ಯವೂ ತಾತ್ಪರ್ಯನಿರ್ಣಯವೂ

ಕರ್ನಾಟಕದ ಎಸ್.ಎಸ್.ಎಲ್.ಸಿ. ಇಂಗ್ಲಿಷ್ ಪರೀಕ್ಷೆಯಲ್ಲಿ ಅಪಠಿತ ಗದ್ಯಭಾಗವನ್ನು ಕೊಟ್ಟು ಪ್ರಶ್ನಿಸುವುದು ವಿದ್ಯಾರ್ಥಿಯ ಅರ್ಥಗ್ರಹಣಶಕ್ತಿಯನ್ನು ಅಳೆಯುವುದಕ್ಕಾಗಿ. ಅಭ್ಯಾಸದಲ್ಲಿ ರೂಢವಾಗಿರುವ ಉಪಾಯವಾದರೋ ಬೇರೆ: ಪ್ರಶ್ನೆಯ ಶಬ್ದವನ್ನು ಗದ್ಯದಲ್ಲಿ ಹುಡುಕಿ, ಆ ವಾಕ್ಯವನ್ನೇ ಉತ್ತರವಾಗಿ ಬರೆಯುವುದು. ಇದರಿಂದ ಅಂಕ ದೊರೆತೀತು, ಅರ್ಥ ದೊರೆಯದು. ‘ಬಟ್’ ಎಂಬ ಅವ್ಯಯದ ಹಿಂದಣ ವಾಕ್ಯವು ಅನೇಕವೇಳೆ ಪೂರ್ವಪಕ್ಷ, ಮುಂದಣದು ಸಿದ್ಧಾಂತ. ಶಬ್ದಮಾತ್ರವನ್ನು ಅರಸುವವನು ಪೂರ್ವಪಕ್ಷವನ್ನೇ ಲೇಖಕನ ಮತವೆಂದು ಬರೆದಾನು.

ತಾತ್ಪರ್ಯನಿರ್ಣಯಕ್ಕೆ ಮೀಮಾಂಸಾಶಾಸ್ತ್ರವು ಹೇಳುವ 6 ಲಿಂಗಗಳಲ್ಲಿ ಉಪಕ್ರಮೋಪಸಂಹಾರಗಳ ಐಕ್ಯವು ಮೊದಲನೆಯದು. ಅಂತೆಯೇ ಗದ್ಯದ ಆದ್ಯಂತಗಳನ್ನು ಕೂಡಿಸಿ ನೋಡಿಸಿ, ಸಾರವನ್ನು ಒಂದು ಕನ್ನಡ ವಾಕ್ಯದಲ್ಲಿ ಹೇಳಿಸಿದ ಬಳಿಕವೇ ಉತ್ತರ ಬರೆಯಿಸುವುದು ಯುಕ್ತ. ಪ್ರಶ್ನಕರ್ತರೂ ಗದ್ಯದ ಶಬ್ದಗಳನ್ನೇ ಪ್ರಶ್ನೆಯಲ್ಲಿ ಇಡುವ ಪದ್ಧತಿಯನ್ನು ಬಿಡಬೇಕು. ಇಲ್ಲವಾದರೆ ಪರೀಕ್ಷಿತವಾಗುವುದು ಕಣ್ಣಿನ ಚುರುಕೇ ಹೊರತು ಬುದ್ಧಿಯಲ್ಲ.