ಹೇತ್ವಾಭಾಸದ ಹೆಸರೂ ಅದರ ಅರಿವೂ

ಅಧ್ಯಾಪಕಪದವಿಯನ್ನು ಬಯಸತಕ್ಕವರಿಗಾಗಿ ಏರ್ಪಟ್ಟಿರುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೊದಲನೆಯ ಪತ್ರಿಕೆಯಲ್ಲಿ 2019ರಲ್ಲಿ ಭಾರತೀಯ ತರ್ಕದ ಪ್ರಮಾಣ, ವ್ಯಾಪ್ತಿ, ಹೇತ್ವಾಭಾಸಗಳಿಗೆ ಸ್ಥಾನವು ದೊರೆಯಿತು. ಕನ್ನಡವನ್ನು ವಿಷಯವಾಗಿ ಆರಿಸಿಕೊಂಡವರೂ ಈ ಪತ್ರಿಕೆಗೆ ಉತ್ತರ ಬರೆಯಬೇಕಾದುದರಿಂದ ಸಾಹಿತ್ಯಾಧ್ಯಾಪಕರಿಗೆ ಇದು ಹೊರಗಿನ ಮಾತಲ್ಲ. ಆದರೆ ಸವ್ಯಭಿಚಾರ, ವಿರುದ್ಧ, ಸತ್ಪ್ರತಿಪಕ್ಷ, ಅಸಿದ್ಧ, ಬಾಧಿತ ಎಂಬ ಐದು ಹೆಸರುಗಳನ್ನು ಕಂಠಪಾಠ ಮಾಡಿದ ಮಾತ್ರಕ್ಕೆ ವಾದದ ದೋಷವು ಕಣ್ಣಿಗೆ ಬೀಳದು.

ಅನ್ನಂಭಟ್ಟನ 'ತರ್ಕಸಂಗ್ರಹ'ದಲ್ಲಿ ಬರುವ ಒಂದು ಅನುಮಾನವನ್ನು ನೋಡಬಹುದು: ಪರ್ವತದಲ್ಲಿ ಬೆಂಕಿಯಿದೆ, ಆದಕಾರಣ ಹೊಗೆಯೂ ಇದೆ. ಹೊಗೆಯಿದ್ದೆಡೆ ಬೆಂಕಿಯುಂಟೆಂಬ ವ್ಯಾಪ್ತಿಯನ್ನು ತಲೆಕೆಳಗು ಮಾಡಿದುದೇ ಇಲ್ಲಿಯ ದೋಷ. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿಸೌದೆಯ ಸಂಯೋಗವೆಂಬ ಉಪಾಧಿಯು ಬೇಕು. ಅಮೆರಿಕದಲ್ಲಿ 1948ರಲ್ಲಿ ಆರಂಭವಾದ ಕಾನೂನು ಶಾಲೆಗಳ ಪ್ರವೇಶಪರೀಕ್ಷೆಯಲ್ಲಿಯೂ ಇದೇ ದೋಷವನ್ನು ಗುರುತಿಸಬೇಕಾಗುತ್ತದೆ. ಸಾಕಾಗುವ ನಿಬಂಧನೆಯನ್ನೂ ಅವಶ್ಯವಾದ ನಿಬಂಧನೆಯನ್ನೂ ಒಂದೆಂದು ಭ್ರಮಿಸುವುದೆಂದು ಅಲ್ಲಿ ಅದನ್ನು ವಿವರಿಸುವರು.

ಇಷ್ಟರಿಂದ ಎರಡು ಪದ್ಧತಿಗಳೂ ಒಂದೇ ಎನ್ನಲಾಗದು. 'ಬೆಂಕಿಯು ದ್ರವ್ಯ, ಆದಕಾರಣ ಅದು ಬಿಸಿಯಲ್ಲ' ಎಂಬುದು ನ್ಯಾಯಶಾಸ್ತ್ರದಲ್ಲಿ ಬಾಧಿತ, ಪ್ರತ್ಯಕ್ಷವೇ ಅದನ್ನು ಅಲ್ಲಗಳೆಯುತ್ತದೆ. ಪ್ರವೇಶಪರೀಕ್ಷೆಯಲ್ಲಾದರೋ ಕೊಟ್ಟ ಆಧಾರವನ್ನು ಒಪ್ಪಿಕೊಂಡು, ಅದರಿಂದ ಸಿದ್ಧಾಂತವು ಹೊರಡುವುದೇ ಎಂಬುದನ್ನು ಮಾತ್ರ ಪರೀಕ್ಷಿಸಬೇಕು. ಅಲ್ಲಿ 'ಸಿದ್ಧಾಂತವು ಸುಳ್ಳು' ಎಂದವನು ದೋಷವನ್ನು ಕಂಡವನಲ್ಲ. ದ್ರವ್ಯವಾದುದಕ್ಕೂ ಬಿಸಿಯಿಲ್ಲದಿರುವುದಕ್ಕೂ ಸಂಬಂಧವನ್ನು ವಾದವು ತೋರಿಸಿಲ್ಲವೆಂದವನೇ ಕಂಡವನು. ಸುಳ್ಳುಮಾತು ಬೇರೆ, ಸಡಿಲವಾದ ವಾದ ಬೇರೆ.

ಈ ವಿವೇಕವು ಪರೀಕ್ಷಾಮಂದಿರದಲ್ಲಿಯೇ ಮುಗಿಯತಕ್ಕದ್ದಲ್ಲ. 'ಈ ಗ್ರಂಥವು ಹಳಗನ್ನಡದಲ್ಲಿದೆ. ಆದುದರಿಂದ ಪ್ರಾಚೀನ' ಎಂಬ ವಾದವನ್ನು ತೆಗೆದುಕೊಳ್ಳಬಹುದು. ಪ್ರಾಚೀನ ಗ್ರಂಥಗಳು ಹಳಗನ್ನಡದಲ್ಲಿವೆಯೆಂಬುದು ನಿಜ. ಅದರ ವಿಪರ್ಯಯವು ನಿಜವಲ್ಲ. 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡ ಮುದ್ದಣನು 'ಅದ್ಭುತ ರಾಮಾಯಣ'ವನ್ನು ಹಳಗನ್ನಡದಲ್ಲಿಯೇ ರಚಿಸಿದನು. ಹೇತುವುಂಟು, ಪ್ರಾಚೀನತೆಯಿಲ್ಲ; ಹೇತುವು ಸವ್ಯಭಿಚಾರವಾಯಿತು. ವಾದಕ್ಕೆ ವಿಷಯವಾದ ಗ್ರಂಥವು ನಿಜವಾಗಿಯೂ ಪ್ರಾಚೀನವೇ ಆಗಿರಬಹುದು. ಆದರೂ ಈ ಹೇತುವಿನಿಂದ ಅದು ಸಿದ್ಧವಾಗದು. ಅದಕ್ಕೆ ಶಾಸನವೋ, ಓಲೆಯ ಪ್ರತಿಯ ಕಾಲವೋ, ಪೂರ್ವಕವಿಯ ಉಲ್ಲೇಖವೋ ಬೇಕು.

ಆದಕಾರಣ ಬೋಧಿಸತಕ್ಕದ್ದು ಹೆಸರುಗಳ ಪಟ್ಟಿಯನ್ನಲ್ಲ. ಹೇತುವಿದ್ದೂ ಸಿದ್ಧಾಂತವು ನಿಲ್ಲದ ಒಂದು ಎಡೆಯನ್ನು ಹುಡುಕುವ ಅಭ್ಯಾಸವನ್ನು. ತನಗೆ ಪ್ರಿಯವಾದ ಸಿದ್ಧಾಂತದಲ್ಲಿಯೂ ಅಂಥ ಎಡೆಯನ್ನು ಹುಡುಕಬಲ್ಲ ವಿದ್ಯಾರ್ಥಿಯೇ ಸಂಶೋಧನೆಗೆ ಅರ್ಹನು.