ಅಯಸ್ಕಾಂತದ ಪಾದಗಳು

1978ರಲ್ಲಿ ಇಟಲಿಯ ಸರ್ಕಾರಿ ಟಿವಿಯಲ್ಲಿ ಜಪಾನಿನ ರೋಬೋ ಕಾರ್ಟೂನ್ 'ಗೋಲ್ಡ್ರಾಕೆ' ಬಂದದ್ದೇ ತಡ, ಅಲ್ಲಿನ ಮಕ್ಕಳಿಗೆ ಜಪಾನಿನ ರೋಬೋಗಳ ಹುಚ್ಚು ಹಿಡಿಯಿತು. ಫ್ಲಾರೆನ್ಸ್ ಕಡೆಯ ಜಿಗ್ ಕಂಪನಿ ಜಪಾನಿನ ತಕಾರಾ ತಯಾರಿಸಿದ ಆಟಿಕೆಗಳ ಪರವಾನಗಿ ಪಡೆದು, ಮೊದಲು 'ಮೈಕ್ರೋನಾಟಿ', ಆಮೇಲೆ 'ಡಯಾಕ್ಲೋನ್' ಸರಣಿಗಳನ್ನು ಇಟಲಿಯ ಅಂಗಡಿಗಳಿಗೆ ತಂದಿತು.

ಡಯಾಕ್ಲೋನಿನ ಸೊಬಗನ್ನು ಹತ್ತಿರದಿಂದಲೇ ನೋಡಬೇಕು. ಆಟಿಕೆ ಕಾರಿನ ಬಾನೆಟ್ ಬಿಚ್ಚಿಕೊಂಡು ರೋಬೋದ ಮೈಯಾಗುತ್ತದೆ. ಒಳಗೆ ಕೂರುವ ಚಾಲಕ ಕಿರುಬೆರಳಿನ ಅರ್ಧದಷ್ಟು. ಅವನ ಪಾದಗಳಲ್ಲಿ ಅಯಸ್ಕಾಂತ, ಕಬ್ಬಿಣದ ಮೇಲೆ ನಿಲ್ಲಿಸಿದರೆ ಅಲ್ಲೇ ಅಂಟಿ ನಿಲ್ಲುತ್ತಾನೆ. ಎಂಥ ಕುಶಲತೆ!

1984ರಲ್ಲಿ ಅಮೆರಿಕದ ಹ್ಯಾಸ್ಬ್ರೊ ಈ ಆಟಿಕೆಗಳ ಅಚ್ಚುಗಳಿಂದಲೇ 'ಟ್ರಾನ್ಸ್‌ಫಾರ್ಮರ್ಸ್' ಹೊರತಂದಾಗ ಆ ಚಾಲಕರನ್ನು ಕೈಬಿಟ್ಟಿತು. ನನ್ನ ಮಟ್ಟಿಗೆ ಅದು ದೊಡ್ಡ ನಷ್ಟ. ಇಟಲಿಯದೇ ಲ್ಯಾಂಬೋರ್ಗಿನಿ ಕೌಂಟಾಚ್ ಕೂಡ ಡಯಾಕ್ಲೋನಿನಲ್ಲಿ ರೋಬೋ ಆಗಿತ್ತು. ಅದನ್ನು ಓಡಿಸಲೂ ಒಬ್ಬ ಪುಟಾಣಿ ಇದ್ದ.